ಮಾಗಿಯ ನಿದ್ರೆಯಲ್ಲಿರುವ ಪತಂಗ: ಹತ್ತಿಯ ಗುಲಾಬಿ ಕಾಯಿಕೊರಕದ ಹತೋಟಿಯಲ್ಲಿ ಗ್ರಾಮ ಪಂಚಾಯಿತಿಗಳ ಪಾತ್ರ

(ದೇವದುರ್ಗ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ರಸ್ತೆ, ಚರಂಡಿ, ಕರ ವಸೂಲಿ ಇವುಗಳ ಚರ್ಚೆಗೆ ಸೇರುವ ಈ ಸಭೆಯಲ್ಲಿ ಒಂದು ಪತಂಗದ ವಿಷಯವನ್ನೆತ್ತುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಕೀಟದ ಹತೋಟಿ ರೈತನ ಸ್ವಂತ ಕೆಲಸ, ಹೆಚ್ಚೆಂದರೆ ಕೃಷಿ ಇಲಾಖೆಯ ಕೆಲಸ ಎಂಬುದು ಸಾಮಾನ್ಯ ಭಾವನೆ. ಆದರೆ ಹತ್ತಿಯ ಗುಲಾಬಿ ಕಾಯಿಕೊರಕದ ವಿಷಯದಲ್ಲಿ ಈ ಭಾವನೆ ನಮಗೆ ಬಹಳ ನಷ್ಟವನ್ನುಂಟುಮಾಡಿದೆ. ಈ ಕೀಟವು ಒಬ್ಬ ರೈತನ ಹೊಲದಲ್ಲಿ ಚಳಿಗಾಲ ಕಳೆದು ಇನ್ನೊಬ್ಬನ ಹೊಲದಲ್ಲಿ ಮುಂಗಾರಿಗೆ ಮೊಟ್ಟೆಯಿಡುತ್ತದೆ. ಕೆರೆಯ ಏರಿ ಒಂದು ಕಡೆ ಬಿರುಕು ಬಿಟ್ಟರೆ ಊರಿನ ನೀರೆಲ್ಲ ಹರಿದುಹೋಗುವಂತೆ, ಹತ್ತು ಮನೆಗಳ ಅಲಕ್ಷ್ಯದಿಂದ ನೂರು ಮನೆಗಳ ಶ್ರಮ ವ್ಯರ್ಥವಾಗುತ್ತದೆ. ಆದುದರಿಂದ ಇದು ಊರೊಟ್ಟಿನ ಕೆಲಸ. ಊರೊಟ್ಟಿನ ಕೆಲಸಕ್ಕೆ ಗ್ರಾಮಸಭೆಯೇ ತಕ್ಕ ಸ್ಥಳ.

ಪತಂಗಗಳು ಚಳಿಗಾಲವನ್ನು ಕಳೆಯುವ ಬಗೆ

ಪತಂಗದ ಬಾಳಿನಲ್ಲಿ ನಾಲ್ಕು ಅವಸ್ಥೆಗಳಿವೆ: ಮೊಟ್ಟೆ, ಮರಿಹುಳು, ಕೋಶ ಮತ್ತು ರೆಕ್ಕೆ ಬಂದ ಪತಂಗ. ಆಹಾರ ದೊರೆಯದ ಋತುವನ್ನು ಪ್ರತಿಯೊಂದು ಜಾತಿಯೂ ಈ ನಾಲ್ಕರಲ್ಲಿ ಯಾವುದಾದರೊಂದು ಅವಸ್ಥೆಯಲ್ಲಿ ದಾಟುತ್ತದೆ. ಕೆಲವು ಮೊಟ್ಟೆಯಾಗಿ, ಕೆಲವು ಮರಿಹುಳುವಾಗಿ, ಹಲವು ಮಣ್ಣಿನಲ್ಲಿ ಹುದುಗಿದ ಕೋಶವಾಗಿ ಕಾಯುತ್ತವೆ. ಮತ್ತೆ ಕೆಲವು ಕಾಯುವ ಗೋಜಿಗೆ ಹೋಗದೆ ಹಸಿರಿರುವ ನಾಡಿಗೆ ಹಾರಿಹೋಗುತ್ತವೆ.

ಈ ಕಾಯುವಿಕೆಗೆ ವಿಜ್ಞಾನದಲ್ಲಿ ಸುಪ್ತಾವಸ್ಥೆ ಎಂದು ಹೆಸರು. ಇದು ಚಳಿಗೆ ಮರಗಟ್ಟಿ ಬೀಳುವ ಸ್ಥಿತಿಯೆಂದು ತಿಳಿಯಬಾರದು. ಚಳಿ ಬರುವ ಮುನ್ನವೇ ಕೀಟವು ಹಗಲಿನ ಅವಧಿ ಕುಗ್ಗುತ್ತಿರುವುದನ್ನು ಗ್ರಹಿಸಿ, ಮೈಯಲ್ಲಿ ಕೊಬ್ಬನ್ನು ಶೇಖರಿಸಿಕೊಂಡು, ಬೆಳವಣಿಗೆಯನ್ನು ತಾನೇ ನಿಲ್ಲಿಸುತ್ತದೆ. ಆಗ ಅದಕ್ಕೆ ಆಹಾರ ಬೇಕಿಲ್ಲ, ಉಸಿರಾಟವೂ ಅತ್ಯಲ್ಪ. ನಾನು ಓದಿದ್ದು ಎಂಜಿನಿಯರಿಂಗ್ ಆದುದರಿಂದ ಯಂತ್ರದ ಭಾಷೆಯಲ್ಲಿ ಹೇಳುವುದಾದರೆ, ಬೆಳಕಿನ ಅವಧಿಯನ್ನು ಅಳೆದು ತಾನಾಗಿಯೇ ಬಂದಾಗುವ ಸ್ವಿಚ್ಚು ಆ ಪುಟ್ಟ ಜೀವಿಯೊಳಗಿದೆ. ನಮ್ಮ ರಾಯಚೂರು ಸೀಮೆಯಲ್ಲಿ ಜೂನ್ ತಿಂಗಳಲ್ಲಿ ಹಗಲು ಸುಮಾರು 13 ಗಂಟೆಗಳಷ್ಟಿದ್ದರೆ, ಡಿಸೆಂಬರಿನಲ್ಲಿ 11 ಗಂಟೆಗಳಿಗಿಂತ ಸ್ವಲ್ಪವೇ ಹೆಚ್ಚು. ನಮಗೆ ಗಮನಕ್ಕೂ ಬಾರದ ಈ ಎರಡು ಗಂಟೆಗಳ ಅಂತರವೇ ಪತಂಗಕ್ಕೆ ಪಂಚಾಂಗ.

ಇದನ್ನು ಮನುಷ್ಯನು ತನ್ನ ಲಾಭಕ್ಕೆ ಬಳಸಿಕೊಂಡ ನಿದರ್ಶನ ನಮ್ಮ ರಾಜ್ಯದಲ್ಲಿಯೇ ಇದೆ. ರೇಷ್ಮೆ ಹುಳುವೂ ಒಂದು ಪತಂಗದ ಮರಿಯೇ. ದ್ವಿತಳಿ ರೇಷ್ಮೆಯ ಮೊಟ್ಟೆಗಳು ಸಹಜವಾಗಿ ಸುಪ್ತಾವಸ್ಥೆಗೆ ಹೋಗಿ ತಿಂಗಳುಗಟ್ಟಲೆ ಒಡೆಯುವುದಿಲ್ಲ. ಬಿತ್ತನೆ ಕೋಠಿಗಳಲ್ಲಿ ಅವುಗಳನ್ನು ಆಮ್ಲದಿಂದ ಸಂಸ್ಕರಿಸಿ ಎಚ್ಚರಿಸುತ್ತಾರೆ, ಇಲ್ಲವೇ ಶೀತಗೃಹದಲ್ಲಿಟ್ಟು ಬೇಕಾದಾಗ ಹೊರತೆಗೆಯುತ್ತಾರೆ. ಪತಂಗದ ನಿದ್ರೆಯನ್ನು ಅರಿತವರಿಗೆ ಅದು ಆದಾಯ ತಂದುಕೊಟ್ಟಿದೆ. ಹತ್ತಿಯ ವಿಷಯದಲ್ಲಿ ಅದೇ ನಿದ್ರೆಯನ್ನು ಅರಿಯದೆ ನಾವು ಆದಾಯ ಕಳೆದುಕೊಳ್ಳುತ್ತಿದ್ದೇವೆ.

ಗುಲಾಬಿ ಕಾಯಿಕೊರಕದ ಬಾಳು

ಈ ಕೀಟದ ವೈಜ್ಞಾನಿಕ ಹೆಸರು ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ. 1842ರಲ್ಲಿ ಭಾರತದ ಹತ್ತಿ ಬೆಳೆಯಲ್ಲಿ ಕಂಡುಬಂದ ಮಾದರಿಗಳನ್ನು ಆಧರಿಸಿಯೇ ವಿಜ್ಞಾನವು ಇದನ್ನು ಮೊದಲು ಗುರುತಿಸಿತು. ಪತಂಗವು ಬೂದು ಮಿಶ್ರಿತ ಕಂದು ಬಣ್ಣದ್ದು. ಹಗಲು ಅಡಗಿದ್ದು ರಾತ್ರಿ ಹಾರಾಡುತ್ತದೆ. ಹೆಣ್ಣು ನೂರಕ್ಕೂ ಮಿಗಿಲಾದ ಮೊಟ್ಟೆಗಳನ್ನು ಮೊಗ್ಗು, ಹೂ ಮತ್ತು ಎಳೆಯ ಕಾಯಿಗಳ ಮೇಲೆ ಇಡುತ್ತದೆ. ನಾಲ್ಕೈದು ದಿನಗಳಲ್ಲಿ ಹೊರಬರುವ ಮರಿಯು ಬೇಗನೆ ಕಾಯಿಯೊಳಗೆ ಸೇರಿಕೊಳ್ಳುತ್ತದೆ. ಅದು ಒಳಹೊಕ್ಕ ರಂಧ್ರ ಕಾಯಿ ಬೆಳೆದಂತೆ ಮುಚ್ಚಿಹೋಗುವುದರಿಂದ ಹೊರಗಿನಿಂದ ಕಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಬಿಡಿಸುವ ಹೊತ್ತಿಗೆ ಅರೆಬಿರಿದ ಕಾಯಿ, ಕಲೆಯಾದ ನೂಲು, ಟೊಳ್ಳಾದ ಬೀಜ ಕೈಗೆ ಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಪತಂಗದವರೆಗಿನ ಒಂದು ಸುತ್ತು ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ.

ಹಂಗಾಮಿನ ಕೊನೆಗೆ ಹಗಲು ಕುಗ್ಗಿ ರಾತ್ರಿ ತಂಪಾದಾಗ, ಪೂರ್ಣ ಬೆಳೆದ ಮರಿಹುಳುಗಳಲ್ಲಿ ಒಂದು ಪಾಲು ಕೋಶವಾಗುವುದನ್ನು ಮುಂದೂಡುತ್ತದೆ. ಎರಡು ಹತ್ತಿ ಬೀಜಗಳನ್ನು ರೇಷ್ಮೆಯ ಎಳೆಯಿಂದ ಬೆಸೆದು ಅವುಗಳ ನಡುವೆ ದಪ್ಪನೆಯ ಗೂಡು ನೇಯ್ದು ಮಲಗುತ್ತದೆ. ಒಣಕಾಯಿಯನ್ನು ಒಡೆದಾಗ ಜೋಡಿ ಬೀಜಗಳು ಅಂಟಿಕೊಂಡಿದ್ದರೆ ಒಳಗೆ ಹುಳು ಇರಬಹುದೆಂದು ತಿಳಿಯಬೇಕು. ಹೀಗೆ ಮಲಗಿದ ಹುಳು ತಿಂಗಳುಗಳವರೆಗೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಬದುಕಿರಬಲ್ಲದು. ಬಿಸಿಲೇರಿ, ಮುಂಗಾರಿನ ತೇವ ತಗುಲಿದಾಗ ಅದು ಕೋಶವಾಗಿ, ಪತಂಗವಾಗಿ ಹೊರಬರುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಇಲ್ಲಿ ಉತ್ತರ ಭಾರತದಷ್ಟು ಚಳಿಯಿಲ್ಲ. ಆದುದರಿಂದ ಎಲ್ಲ ಹುಳುಗಳೂ ಮಲಗುವುದಿಲ್ಲ. ಹೊಲದಲ್ಲಿ ಹಸಿ ಕಾಯಿ ಇರುವಷ್ಟು ಕಾಲ ಹೆಚ್ಚಿನವು ಎಚ್ಚರದಲ್ಲಿಯೇ ಇದ್ದು ಸಂತಾನ ಮುಂದುವರಿಸುತ್ತವೆ. ಅಂದರೆ ಈ ಕೀಟಕ್ಕೆ ಮುಂದಿನ ವರ್ಷಕ್ಕೆ ದಾಟಲು ಎರಡು ದಾರಿಗಳಿವೆ: ಒಣಕಾಯಿಯೊಳಗಿನ ನಿದ್ರೆ ಒಂದು, ಬೇಸಿಗೆಯವರೆಗೆ ನೀರುಣಿಸಿ ಉಳಿಸಿಕೊಂಡ ಹತ್ತಿ ಬೆಳೆ ಇನ್ನೊಂದು. ಎರಡನ್ನೂ ಮುಚ್ಚದ ಹೊರತು ಪ್ರಯೋಜನವಿಲ್ಲ.

ಬಿಟಿ ಹತ್ತಿ ಇದ್ದರೂ ಹುಳು ಏಕೆ?

ಇದು ರೈತರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ. ದೇಶದಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ದೊರೆಯಿತು. ಎರಡು ಬಿಟಿ ವಂಶವಾಹಿಗಳನ್ನುಳ್ಳ ಬೋಲ್‌ಗಾರ್ಡ್-2 ತಳಿಗಳು 2006ರಲ್ಲಿ ಬಂದವು. ಆರಂಭದ ವರ್ಷಗಳಲ್ಲಿ ಕಾಯಿಕೊರಕಗಳ ಬಾಧೆ ನಿಜವಾಗಿಯೂ ತಗ್ಗಿತು. ಆದರೆ 2010ರಲ್ಲಿ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲ ಪೀಳಿಗೆಯ ಬಿಟಿ ಹತ್ತಿಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಪಡೆದಿರುವುದು ವರದಿಯಾಯಿತು. 2015ರ ಹೊತ್ತಿಗೆ ಬೋಲ್‌ಗಾರ್ಡ್-2 ಹತ್ತಿಯೂ ಗುಜರಾತಿನಲ್ಲಿ ತೀವ್ರ ಬಾಧೆಗೊಳಗಾಯಿತು. ನಂತರ ಮಹಾರಾಷ್ಟ್ರ, ತೆಲಂಗಾಣ ಹಾಗೂ ನಮ್ಮ ಭಾಗದ ರೈತರೂ ಅದೇ ಅನುಭವ ಕಂಡರು.

ತೊಗರಿಯ ಹಸಿರು ಕಾಯಿಕೊರಕವು ತೊಗರಿ, ಕಡಲೆ, ಟೊಮ್ಯಾಟೊ ಹೀಗೆ ಹಲವು ಬೆಳೆಗಳನ್ನು ತಿಂದು ಬದುಕುತ್ತದೆ. ಬಿಟಿ ಇಲ್ಲದ ಬೆಳೆಗಳಲ್ಲಿ ಬೆಳೆದ ಅದರ ಪತಂಗಗಳು ಬಿಟಿ ಹೊಲದ ಪತಂಗಗಳೊಡನೆ ಬೆರೆಯುವುದರಿಂದ ಪ್ರತಿರೋಧ ಗುಣ ಬೇಗ ಗಟ್ಟಿಯಾಗುವುದಿಲ್ಲ. ಗುಲಾಬಿ ಕಾಯಿಕೊರಕಕ್ಕೆ ಹತ್ತಿಯೇ ಪ್ರಧಾನ ಆಹಾರ. ಊರೆಲ್ಲ ಬಿಟಿ ಹತ್ತಿಯೇ ಆದಾಗ, ಅದನ್ನು ತಿಂದು ಬದುಕುಳಿದ ಹುಳುಗಳು ತಮ್ಮಂತಹವುಗಳೊಡನೆಯೇ ಕೂಡಿದವು. ಬಿಟಿ ಅಲ್ಲದ ಹತ್ತಿಯ ಸಾಲುಗಳನ್ನು ಹೊಲದ ಸುತ್ತ ಹಾಕಬೇಕೆಂದು ಪ್ರತ್ಯೇಕ ಬೀಜದ ಪೊಟ್ಟಣ ಕೊಡುತ್ತಿದ್ದುದು ಇದೇ ಕಾರಣಕ್ಕೆ. ಆ ಪೊಟ್ಟಣವನ್ನು ಬಿತ್ತಿದವರು ವಿರಳ. ಈಗ ಆ ಬೀಜವನ್ನು ಒಂದೇ ಚೀಲದಲ್ಲಿ ಬೆರೆಸಿ ಕೊಡುವ ಪದ್ಧತಿ ಬಂದಿದೆ.

ಆದರೆ ಹತ್ತಿಯೊಂದನ್ನೇ ನೆಚ್ಚಿರುವುದು ಈ ಕೀಟದ ದೌರ್ಬಲ್ಯವೂ ಹೌದು. ಊರಿನ ಸೀಮೆಯಲ್ಲಿ ನಾಲ್ಕೈದು ತಿಂಗಳು ಹಸಿ ಹತ್ತಿಯೇ ಇಲ್ಲವಾದರೆ ಅದಕ್ಕೆ ಬದುಕಲು ಬೇರೆ ದಾರಿ ಬಹಳ ಕಡಿಮೆ. ನಮ್ಮ ಹಿರಿಯರ ಕಾಲದ ಮಳೆಯಾಶ್ರಿತ ಹತ್ತಿಯಲ್ಲಿ ಈ ಬಿಡುವು ತಾನಾಗಿಯೇ ಬರುತ್ತಿತ್ತು. ನಾರಾಯಣಪುರ ಬಲದಂಡೆ ಕಾಲುವೆಯ ನೀರು, ಕೊಳವೆಬಾವಿಗಳು ಬಂದ ಮೇಲೆ ದೇವದುರ್ಗ ತಾಲ್ಲೂಕಿನ ಹಲವೆಡೆ ಹತ್ತಿಯನ್ನು ಜನವರಿಯ ನಂತರವೂ ಉಳಿಸಿಕೊಳ್ಳುವ ರೂಢಿ ಬೆಳೆಯಿತು. ಕಾಲುವೆಯ ನೀರು ನಮ್ಮ ಭಾಗ್ಯ. ಅದನ್ನು ಕೊನೆಯ ಒಂದೆರಡು ಬಿಡಿಕೆಯ ಕಳಪೆ ಹತ್ತಿಗೆ ಹರಿಸಿ ಹುಳುವನ್ನು ಸಾಕುವುದು ಭಾಗ್ಯದ ದುರುಪಯೋಗ.

ಒಂದು ಸಣ್ಣ ಲೆಕ್ಕ

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಒಂದು ಹೆಣ್ಣು ಪತಂಗ 100 ಮೊಟ್ಟೆ ಇಡುತ್ತದೆ. ಅವುಗಳಲ್ಲಿ 90 ನಾಶವಾಗಿ 10 ಮಾತ್ರ ಪತಂಗಗಳಾಗುತ್ತವೆ. ಆ ಹತ್ತರಲ್ಲಿ 5 ಹೆಣ್ಣು. ಒಂದು ಪೀಳಿಗೆಗೆ ಒಂದು ತಿಂಗಳು. ಆಗಸ್ಟಿನಲ್ಲಿ ಒಂದಿದ್ದ ಹೆಣ್ಣು ಸೆಪ್ಟೆಂಬರಿಗೆ 5, ಅಕ್ಟೋಬರಿಗೆ 25, ನವೆಂಬರಿಗೆ 125, ಡಿಸೆಂಬರಿಗೆ 625 ಆಗುತ್ತದೆ. ಬೇಸಿಗೆಯಲ್ಲಿ ಒಂದು ಹುಳುವನ್ನು ನಿವಾರಿಸಿದರೆ ಡಿಸೆಂಬರಿನಲ್ಲಿ 625 ಹೆಣ್ಣುಗಳನ್ನು ತಡೆದಂತೆ. ಬೇಸಿಗೆಯ ಕೆಲಸಕ್ಕೆ ಬೇಕಾಗುವುದು ಕೈ ಮತ್ತು ಕುಡುಗೋಲು; ಡಿಸೆಂಬರಿನ ಕೆಲಸಕ್ಕೆ ಬೇಕಾಗುವುದು ಸಾಲ ತಂದ ಔಷಧಿ. ಕಾಯಿಯೊಳಗೆ ಸೇರಿದ ಹುಳುವಿಗೆ ಆ ಔಷಧಿಯೂ ಸರಿಯಾಗಿ ತಾಗುವುದಿಲ್ಲ.

ಅತಿಯಾದ ಸಿಂಪಡಣೆಯ ಅಪಾಯ ಹಣದ ನಷ್ಟಕ್ಕೆ ನಿಲ್ಲುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಸಿಂಪಡಿಸುತ್ತಿದ್ದ ಸುಮಾರು ಇಪ್ಪತ್ತು ಮಂದಿ ರೈತರು ಮತ್ತು ಕೂಲಿಕಾರರು ವಿಷಬಾಧೆಯಿಂದ ಪ್ರಾಣ ಕಳೆದುಕೊಂಡರು. ನಮ್ಮಲ್ಲಿಯೂ ಬೆನ್ನಿಗೆ ಪಂಪು ಹೊತ್ತು ಹೋಗುವವರು ಬಹುಪಾಲು ಕೂಲಿಕಾರರೇ. ಅವರ ಮುಖಕ್ಕೆ ಬಟ್ಟೆ, ಕೈಗೆ ಗವಸು ಇದೆಯೇ ಎಂದು ವಿಚಾರಿಸುವುದು ಸದಸ್ಯರಾದ ನಮ್ಮೆಲ್ಲರ ಹೊಣೆ.

ಹತ್ತಿ ಕಟ್ಟಿಗೆಯ ಪ್ರಶ್ನೆ

ನಮ್ಮ ಹಳ್ಳಿಗಳಲ್ಲಿ ಮಲಗಿದ ಹುಳುಗಳ ದೊಡ್ಡ ನೆಲೆ ಮನೆಯ ಹಿತ್ತಿಲಲ್ಲಿ, ಹೊಲದ ಬದುವಿನಲ್ಲಿ ಒಟ್ಟಿದ ಹತ್ತಿ ಕಟ್ಟಿಗೆಯ ಬಣವೆ. ಕಟ್ಟಿಗೆಯಲ್ಲಿ ಉಳಿದ ಬಿರಿಯದ ಒಣಕಾಯಿಗಳೊಳಗೆ ಹುಳು ಭದ್ರವಾಗಿರುತ್ತದೆ. ಎರೆ ಭೂಮಿಯ ಬಿರುಕುಗಳು, ಉದುರಿದ ಕಾಯಿಗಳು, ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ಬೀಜದ ರಾಶಿಗಳು ಉಳಿದ ನೆಲೆಗಳು.

ಬಣವೆಯನ್ನು ಸುಟ್ಟುಬಿಡಿ ಎಂದು ಹೇಳುವುದು ಸುಲಭ. ಆದರೆ ಹಲವು ಮನೆಗಳಲ್ಲಿ ಅದು ವರ್ಷದ ಉರುವಲು. ಸಿಲಿಂಡರ್ ಇದ್ದರೂ ಅದನ್ನು ತುಂಬಿಸುವ ಹಣವಿಲ್ಲದ ಮನೆಗಳು ಪ್ರತಿ ವಾರ್ಡಿನಲ್ಲಿಯೂ ಇವೆ. ಕಟ್ಟಿಗೆ ಕಡಿದು ಹೊತ್ತು ತರುವವರು ಹೆಣ್ಣುಮಕ್ಕಳು. ಅವರನ್ನು ಕೇಳದೆ ಗಂಡಸರು ಮಾತ್ರ ಕುಳಿತು ಮಾಡಿದ ನಿರ್ಣಯ ಕಾಗದದ ಮೇಲೆಯೇ ಉಳಿಯುತ್ತದೆ. ಆದುದರಿಂದ ಈ ವಿಷಯವನ್ನು ಮಹಿಳಾ ಗ್ರಾಮಸಭೆಯಲ್ಲಿ ಮೊದಲು ಇಡಬೇಕೆಂದು ನನ್ನ ವಿನಂತಿ. ಅಲ್ಲಿ ಮುಂದಿಡಬಹುದಾದ ದಾರಿಗಳು ನಾಲ್ಕು.

ಮೊದಲನೆಯದು, ಕೊನೆಯ ಬಿಡಿಕೆ ಮುಗಿದೊಡನೆ ಹೊಲಕ್ಕೆ ಕುರಿ, ಆಡುಗಳನ್ನು ಬಿಡುವುದು. ಉಳಿದ ಹಸಿ ಕಾಯಿಗಳನ್ನೂ ಎಲೆಗಳನ್ನೂ ಅವು ಮೇದುಬಿಡುತ್ತವೆ. ಹೊಲಕ್ಕೆ ಹಿಕ್ಕೆಯ ಗೊಬ್ಬರವೂ ಸೇರುತ್ತದೆ. ಔಷಧಿ ಸಿಂಪಡಿಸಿ ಸಾಕಷ್ಟು ದಿನ ಕಳೆದಿರಬೇಕು ಎಂಬುದನ್ನು ಕುರಿಗಾರರಿಗೆ ತಪ್ಪದೆ ತಿಳಿಸಬೇಕು.

ಎರಡನೆಯದು, ಉರುವಲಿಗೆ ಬೇಕಾದ ಕಟ್ಟಿಗೆಯನ್ನು ಒಣಕಾಯಿಗಳನ್ನು ಉದುರಿಸಿದ ನಂತರವೇ ಊರಿಗೆ ತರುವುದು. ಉದುರಿದ ಕಾಯಿಗಳನ್ನು ಮಾತ್ರ ಗುಡ್ಡೆ ಹಾಕಿ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಕಟ್ಟಿಗೆ ಉಳಿಯುತ್ತದೆ, ಹುಳು ಹೋಗುತ್ತದೆ.

ಮೂರನೆಯದು, ತಂದ ಕಟ್ಟಿಗೆಯನ್ನು ಕಾರಹುಣ್ಣಿಮೆಯೊಳಗೆ ಉರಿಸಿ ಮುಗಿಸುವುದು. ಮಳೆಗಾಲಕ್ಕೆಂದು ಕೂಡಿಡುವುದಾದರೆ ತೊಗರಿ ಕಟ್ಟಿಗೆ, ಜಾಲಿ ಕಟ್ಟಿಗೆ ಇರಲಿ.

ನಾಲ್ಕನೆಯದು, ಉರುವಲಿಗೆ ಬೇಡವಾದ ಕಟ್ಟಿಗೆಯನ್ನು ಶ್ರೆಡ್ಡರ್ ಯಂತ್ರದಿಂದ ಪುಡಿಮಾಡಿ ಮಣ್ಣಿಗೆ ಸೇರಿಸುವುದು ಅಥವಾ ಕಾಂಪೋಸ್ಟ್ ಮಾಡುವುದು. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಯಂತ್ರ ದೊರೆಯುವುದೇ ಎಂದು ಮೊದಲೇ ವಿಚಾರಿಸಿ, ದಿನ ಗೊತ್ತುಮಾಡಿ, ಹತ್ತಾರು ರೈತರು ಒಟ್ಟಾಗಿ ಬಾಡಿಗೆಗೆ ತಂದರೆ ಖರ್ಚು ಹಂಚಿಹೋಗುತ್ತದೆ. ಹೊಲದಲ್ಲಿಯೇ ಕಟ್ಟಿಗೆ ಸುಟ್ಟರೆ ಮಣ್ಣಿನ ಸತ್ವವೂ ಸುಡುತ್ತದೆ.

ಬಿತ್ತನೆಯಿಂದ ಬಿಡಿಕೆಯವರೆಗೆ

ಮುಂಗಾರಿನ ಮೊದಲ ಮಳೆಗೆ ನಿದ್ರೆಯಿಂದೆದ್ದ ಪತಂಗದ ಆಯುಷ್ಯ ಒಂದೆರಡು ವಾರ ಮಾತ್ರ. ಅಷ್ಟರಲ್ಲಿ ಹತ್ತಿಯ ಮೊಗ್ಗು ದೊರೆಯದಿದ್ದರೆ ಅದರ ಸಂತತಿ ಬೆಳೆಯಲಾರದು. ಏಪ್ರಿಲ್, ಮೇ ತಿಂಗಳಲ್ಲಿ ಕೊಳವೆಬಾವಿಯ ನೀರಿಗೆ ಮುಂಗಡ ಬಿತ್ತಿದ ಹತ್ತಿಯು ಆ ಪತಂಗಗಳಿಗೆ ಅನ್ನಛತ್ರವಾಗುತ್ತದೆ. ಆದುದರಿಂದ ಊರಿನವರೆಲ್ಲ ಮುಂಗಾರು ಸರಿಯಾಗಿ ಹಿಡಿದ ಮೇಲೆ, ಆದಷ್ಟು ಒಂದೇ ಅವಧಿಯಲ್ಲಿ, ಬೇಗ ಕೊಯ್ಲಿಗೆ ಬರುವ ತಳಿಗಳನ್ನು ಬಿತ್ತಬೇಕು.

ಬಿತ್ತಿ ಸುಮಾರು 45 ದಿನಗಳಾದ ಮೇಲೆ ಎಕರೆಗೆ ಎರಡರಂತೆ ಮೋಹಕ ಬಲೆಗಳನ್ನು ನಿಲ್ಲಿಸಬೇಕು. ಹೆಣ್ಣು ಪತಂಗ ಸೂಸುವ ಗಂಧವನ್ನು ಹೋಲುವ ಗಾಸಿಪ್ಲೂರ್ ಎಂಬ ವಸ್ತು ಗಂಡುಗಳನ್ನು ಬಲೆಗೆ ಸೆಳೆಯುತ್ತದೆ. ಒಂದು ಬಲೆಗೆ ರಾತ್ರಿಯೊಂದಕ್ಕೆ 8 ಪತಂಗಗಳಂತೆ ಸತತ ಮೂರು ರಾತ್ರಿ ಬಿದ್ದರೆ ಕ್ರಮ ಕೈಗೊಳ್ಳುವ ಸಮಯ ಬಂದಿದೆ ಎಂದರ್ಥ. ಹೂವಿನ ಎಸಳುಗಳು ಅರಳದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡಿದ್ದರೆ ಒಳಗೆ ಹುಳುವಿದೆ. ಅಂತಹ ಹೂಗಳನ್ನು ಕಿತ್ತು ನಾಶಪಡಿಸಬೇಕು. ವಾರಕ್ಕೊಮ್ಮೆ ಹೊಲದ ಬೇರೆ ಬೇರೆ ಕಡೆಯಿಂದ 20 ಹಸಿ ಕಾಯಿಗಳನ್ನು ಕಿತ್ತು ಒಡೆದು ನೋಡಬೇಕು. ಎರಡರಲ್ಲಿ, ಅಂದರೆ ನೂರಕ್ಕೆ ಹತ್ತರಷ್ಟು ಕಾಯಿಗಳಲ್ಲಿ ಹುಳು ಕಂಡರೆ ಮಾತ್ರ ರೈತ ಸಂಪರ್ಕ ಕೇಂದ್ರದ ಸಲಹೆಯಂತೆ ಔಷಧಿ ಸಿಂಪಡಿಸಬೇಕು. ಅದಕ್ಕೂ ಮುನ್ನ ಶೇ. 5ರ ಬೇವಿನ ಬೀಜದ ಕಷಾಯ ಬಳಸಬಹುದು. 100 ಲೀಟರ್ ನೀರಿಗೆ 5 ಕಿಲೊ ಬೇವಿನ ಬೀಜದ ತಿರುಳು ಇದರ ಪ್ರಮಾಣ. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆಯುವುದು, ಅಂಗಡಿಯವರು ಹೇಳಿದಂತೆ ಎರಡು ಮೂರು ಬೆರೆಸುವುದು ಹುಳುವಿಗೆ ಪ್ರತಿರೋಧ ಕಲಿಸಿದಂತೆ.

ಬೇರೆ ಪತಂಗಗಳ ಬಗ್ಗೆ ಎರಡು ಮಾತು

ತೊಗರಿಯ ಕಾಯಿಕೊರಕವೂ ಕಂಬಳಿ ಹುಳುವೂ ಮಣ್ಣಿನೊಳಗೆ ಕೋಶವಾಗಿ ಕಾಯುತ್ತವೆ. ಹಿಂದಿನವರು ಮಾಗಿ ಉಳುಮೆಗೆ ಕೊಟ್ಟ ಮಹತ್ವ ಇದರಿಂದ ಅರ್ಥವಾಗುತ್ತದೆ. ನೇಗಿಲು ಮೇಲೆತ್ತಿದ ಕೋಶಗಳು ಬಿಸಿಲಿಗೆ ಒಣಗುತ್ತವೆ. ಬೆಳ್ಳಕ್ಕಿಗಳಿಗೆ, ಗೊರವಂಕಗಳಿಗೆ ಆಹಾರವಾಗುತ್ತವೆ. ಮೆಕ್ಕೆಜೋಳದ ಸೈನಿಕ ಹುಳುವಿನ ದಾರಿ ಬೇರೆ. 2018ರಲ್ಲಿ ನಮ್ಮ ರಾಜ್ಯದಲ್ಲಿಯೇ ದೇಶದಲ್ಲಿ ಮೊದಲ ಬಾರಿಗೆ ಕಂಡ ಆ ಕೀಟ ಮಲಗುವುದೇ ಇಲ್ಲ. ಬೆಳೆಯಿಂದ ಬೆಳೆಗೆ ಹಾರುತ್ತಲೇ ಇರುತ್ತದೆ. ಎಲ್ಲ ಹುಳುಗಳಿಗೂ ಒಂದೇ ಮದ್ದು ಸಲ್ಲದು. ಹಾಗೆಯೇ ಎಲ್ಲ ಪತಂಗಗಳೂ ಶತ್ರುಗಳಲ್ಲ. ರಾತ್ರಿ ಅರಳುವ ಹೂಗಳಿಗೆ ಪರಾಗ ಒಯ್ಯುವವು, ಬಾವಲಿಗೂ ಹಕ್ಕಿಗೂ ಆಹಾರವಾಗುವವು ಅವೇ. ಪ್ರಖರ ದೀಪದ ಬಲೆಗಳನ್ನು ಸಿಕ್ಕಸಿಕ್ಕಲ್ಲಿ ಇಡುವುದಕ್ಕಿಂತ ಒಂದೇ ಕೀಟವನ್ನು ಸೆಳೆಯುವ ಮೋಹಕ ಬಲೆ ಮೇಲು.

ಪಂಚಾಯಿತಿಯ ಮುಂದಿರುವ ಕೆಲಸ

ಊರೆಲ್ಲ ಒಂದೇ ದಿನಾಂಕಕ್ಕೆ ಹತ್ತಿ ಗಿಡ ಕೀಳುವ ಕಲ್ಪನೆ ಹೊಸದಲ್ಲ. ನೆರೆಯ ಬಳ್ಳಾರಿಯೂ ಸೇರಿದ್ದ ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ 1919ರಲ್ಲಿಯೇ ಕೃಷಿ ಕೀಟ ಮತ್ತು ರೋಗಗಳ ಕಾಯಿದೆ ಬಂದು, ಕೊಯಮತ್ತೂರು ಭಾಗದಲ್ಲಿ ಹತ್ತಿ ಗಿಡಗಳನ್ನು ಗೊತ್ತುಪಡಿಸಿದ ದಿನದೊಳಗೆ ಕೀಳಬೇಕೆಂಬ ನಿಯಮವಿತ್ತು. ಅಮೆರಿಕ ದೇಶವು ತನ್ನ ಹತ್ತಿ ಸೀಮೆಯಿಂದ ಗುಲಾಬಿ ಕಾಯಿಕೊರಕವನ್ನು ನಿರ್ಮೂಲ ಮಾಡಿರುವುದಾಗಿ 2018ರಲ್ಲಿ ಘೋಷಿಸಿತು. ಬಿಟಿ ಹತ್ತಿ, ಮೋಹಕ ಗಂಧ, ಸಂತಾನಶಕ್ತಿ ಕಳೆದ ಪತಂಗಗಳ ಬಿಡುಗಡೆ ಇವುಗಳೊಡನೆ, ಕಟ್ಟಿಗೆಯನ್ನು ಕಾಲಕ್ಕೆ ಸರಿಯಾಗಿ ಉತ್ತು ಹಾಕುವ ಕಟ್ಟುನಿಟ್ಟೂ ಅಲ್ಲಿ ಇತ್ತು. ಅಲ್ಲಿನ ಸಾವಿರಾರು ಎಕರೆಯ ಒಡೆಯರಿಗೂ ನಮ್ಮ ಎರಡೆಕರೆ ರೈತರಿಗೂ ಹೋಲಿಕೆಯಿಲ್ಲ ನಿಜ. ಆದರೆ ಜಮೀನು ಚಿಕ್ಕದಾದಷ್ಟೂ ನೆರೆಹೊರೆಯ ಒಗ್ಗಟ್ಟಿನ ಅಗತ್ಯ ಹೆಚ್ಚು.

ಗ್ರಾಮ ಪಂಚಾಯಿತಿಗೆ ದಂಡ ಹಾಕುವ ಉತ್ಸಾಹ ಬೇಡ. ನೆನಪಿಸುವ, ಒಟ್ಟುಗೂಡಿಸುವ ಕೆಲಸ ಸಾಕು. ಈ ಕೆಳಗಿನ ಅಂಶಗಳನ್ನು ಗ್ರಾಮಸಭೆಯ ನಿರ್ಣಯವಾಗಿ ಪರಿಗಣಿಸಬೇಕೆಂದು ಕೋರುತ್ತೇನೆ.

1. ಎಳ್ಳಮಾವಾಸ್ಯೆಯ ಚರಗ ಚೆಲ್ಲುವ ಹೊತ್ತಿಗೆ ಹತ್ತಿಗೆ ನೀರು ನಿಲ್ಲಿಸಿ, ಕೊನೆಯ ಬಿಡಿಕೆಯನ್ನು ಜನವರಿ ಮುಗಿಯುವುದರೊಳಗೆ ಪೂರೈಸುವುದು. ನೀರಿರುವವರು ಆ ಭೂಮಿಯಲ್ಲಿ ಹತ್ತಿಯ ಬದಲು ಶೇಂಗಾ, ಸಜ್ಜೆ ಅಥವಾ ಮೇವಿನ ಬೆಳೆ ತೆಗೆಯುವುದು.

2. ಯುಗಾದಿಯೊಳಗೆ ಗಿಡಗಳನ್ನು ಬೇರುಸಹಿತ ಕಿತ್ತು, ಒಣಕಾಯಿ ನಾಶಪಡಿಸಿ, ಹೊಲವನ್ನು ಆಳವಾಗಿ ಉಳುವುದು. ಗ್ರಾಮದಲ್ಲಿ ಡಂಗುರ ಸಾರಿಸಿ, ಧ್ವನಿವರ್ಧಕದಲ್ಲಿ ಪ್ರಕಟಿಸಿ ದಿನಾಂಕ ತಿಳಿಸುವುದು.

3. ಕಾರಹುಣ್ಣಿಮೆಯೊಳಗೆ ಊರಿನಲ್ಲಿ ಹತ್ತಿ ಕಟ್ಟಿಗೆಯ ಬಣವೆ ಇರದಂತೆ ವಾರ್ಡಿನ ಸದಸ್ಯರು ಖುದ್ದಾಗಿ ನೋಡಿಕೊಳ್ಳುವುದು.

4. ಅರ್ಹ ಕುಟುಂಬಗಳಿಗೆ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಕಾಂಪೋಸ್ಟ್ ಮತ್ತು ಎರೆಹುಳು ಗೊಬ್ಬರದ ತೊಟ್ಟಿಗಳನ್ನು ಕ್ರಿಯಾಯೋಜನೆಗೆ ಸೇರಿಸುವುದು.

5. ಹತ್ತಿ ದಾಸ್ತಾನು ಮತ್ತು ಜಿನ್ನಿಂಗ್ ಕಾರ್ಖಾನೆಗಳಿರುವ ಪಂಚಾಯಿತಿಗಳು ಅವುಗಳ ಆವರಣದಲ್ಲಿ ಮೋಹಕ ಬಲೆ ಇರಿಸಲು ಹಾಗೂ ಹುಳುಕು ಬೀಜವನ್ನು ಬೇಗ ಗಾಣಕ್ಕೆ ಕಳುಹಿಸಲು ಮಾಲೀಕರನ್ನು ಕೋರುವುದು.

6. ಪಂಚಾಯಿತಿ ಕಚೇರಿಯ ಫಲಕದಲ್ಲಿ ಆಗಸ್ಟಿನಿಂದ ಡಿಸೆಂಬರಿನವರೆಗೆ ಪ್ರತಿ ವಾರ ಬಲೆಗೆ ಬಿದ್ದ ಪತಂಗಗಳ ಸಂಖ್ಯೆಯನ್ನು ಬರೆಯುವುದು. ಇದಕ್ಕೆ ಪ್ರತಿ ಗ್ರಾಮದಲ್ಲಿ ಇಬ್ಬರು ಯುವಕ ಯುವತಿಯರನ್ನು ಗುರುತಿಸುವುದು.

7. ರಾಯಚೂರು ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಮತ್ತು ಹೋಬಳಿಯ ರೈತ ಸಂಪರ್ಕ ಕೇಂದ್ರದ ತಜ್ಞರನ್ನು ಬಿತ್ತನೆಗೆ ಮುನ್ನ ಒಮ್ಮೆ, ಹೂ ಬಿಡುವಾಗ ಒಮ್ಮೆ ಗ್ರಾಮಕ್ಕೆ ಆಹ್ವಾನಿಸುವುದು.

ಗಬ್ಬೂರು, ಜಾಲಹಳ್ಳಿ, ಅರಕೇರಾ ಹೀಗೆ ಯಾವ ಕಡೆಯ ಸದಸ್ಯರೇ ಆಗಲಿ, ನಿಮ್ಮ ಪಂಚಾಯಿತಿಯ ಗಡಿಯಲ್ಲಿ ಪತಂಗ ನಿಲ್ಲುವುದಿಲ್ಲ ಎಂಬುದನ್ನು ಮರೆಯದಿರಿ. ಪಕ್ಕದ ಪಂಚಾಯಿತಿಯ ಅಧ್ಯಕ್ಷರೊಡನೆ ಮಾತನಾಡಿ ದಿನಾಂಕಗಳನ್ನು ಹೊಂದಿಸಿಕೊಳ್ಳಿ. ಮೊದಲ ವರ್ಷವೇ ಹುಳು ಪೂರ್ತಿ ಹೋಗುವುದೆಂದು ಯಾರಿಗೂ ಮಾತು ಕೊಡಬೇಡಿ. ವರ್ಷಕ್ಕೂ ಮೀರಿ ಮಲಗಬಲ್ಲ ಜೀವಿಯದು. ಎರಡು ಮೂರು ಹಂಗಾಮು ಬಿಡದೆ ನಡೆಸಿದರೆ ಔಷಧಿಯ ಸಾಲ ತಗ್ಗುವುದನ್ನು ರೈತನೇ ಲೆಕ್ಕ ಹಾಕಿ ಹೇಳುತ್ತಾನೆ.

ಈಗ ಹುಳು ಮಲಗಿದೆ, ನಮಗೆ ಯುಗಾದಿಯವರೆಗೆ ಸಮಯವಿದೆ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ನಿರ್ಣಯದ ಪ್ರತಿಯನ್ನು ತಾಲ್ಲೂಕು ಪಂಚಾಯಿತಿಗೂ ರೈತ ಸಂಪರ್ಕ ಕೇಂದ್ರಕ್ಕೂ ಕಳುಹಿಸಿಕೊಡಬೇಕೆಂದು ವಿನಂತಿಸುತ್ತೇನೆ.